ಗಿಣ್ಣಿನ ತೀರ್ಪು

ಹೋದ ವರ್ಷ ನನ್ನ ವಿದ್ಯಾರ್ಥಿ ಅನಿಲ್‌ಕುಮಾರನ ಮನೆಯ ಹಸು ಕರು ಹಾಕಿದಾಗ ನಾನೊಂದು ತೀರ್ಪು ಕೊಟ್ಟಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಈ ಮಾರ್ಚ್ ತಿಂಗಳ ಒಂದು ಗುರುವಾರ, ತರಗತಿಯಲ್ಲಿ, ನಲವತ್ತು ಜನರ ಎದುರಿಗೆ.

ಕೋಲಾರದ ಒಂದು ಖಾಸಗಿ ಕಾನೂನು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಮಾಲೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ಹೋಗುತ್ತೇನೆ. ನನ್ನ ಪಾಠ ಇಷ್ಟೇ: ಕೋರ್ಟು ಇವತ್ತು ಕೊಟ್ಟ ತೀರ್ಪು ನಾಳೆಯ ತೀರ್ಪನ್ನು ಹೇಗೆ ಕಟ್ಟಿಹಾಕುತ್ತದೆ. ಕಪ್ಪುಹಲಗೆಯ ಮೇಲೆ ಮೂರು ಮೆಟ್ಟಿಲು ಬರೆಯುತ್ತೇನೆ. ಮೇಲೆ ಸುಪ್ರೀಂ ಕೋರ್ಟು, ನಡುವೆ ಹೈಕೋರ್ಟು, ಕೆಳಗೆ ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಕೋರ್ಟುಗಳು. ಬಾಣವನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತೇನೆ. ಹಳೆಯ ತೀರ್ಪಿಗೆ ಪೂರ್ವನಿದರ್ಶನ ಅನ್ನುತ್ತಾರೆ, ಅದರಲ್ಲಿ ಕಟ್ಟಿಹಾಕುವುದು ಕೊನೆಯ ಆದೇಶವಲ್ಲ, ಆ ಆದೇಶಕ್ಕೆ ಕೊಟ್ಟ ಕಾರಣ ಎಂದು ಹೇಳುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಮೂರು ವರ್ಷದಿಂದ ಹೀಗೇ ನಡೆದಿತ್ತು. ಆ ಬಾಣ ನನ್ನ ಕಡೆಗೂ ತಿರುಗಬಹುದು ಎಂದು ನಾನು ಯೋಚಿಸಿರಲಿಲ್ಲ.

ಆ ವಾರ ಮಂಗಳವಾರ ಆಂತರಿಕ ಪರೀಕ್ಷೆಯಿತ್ತು. ಶೋಭಾರಾಣಿ ಬರಲಿಲ್ಲ. ಅವಳು ಗೌನಿಪಲ್ಲಿ ಹತ್ತಿರದ ಹಳ್ಳಿಯವಳು, ಎರಡು ಬಸ್ಸು ಬದಲಾಯಿಸಿ ಬರುವವಳು. ಮೂರು ವರ್ಷದಲ್ಲಿ ತರಗತಿಯಲ್ಲಿ ಅವಳ ದನಿ ಕೇಳಿದ್ದು ಹಾಜರಿ ಕರೆಯುವಾಗ ಮಾತ್ರ. ಬುಧವಾರ ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ್, ನಿನ್ನೆ ಬರಕ್ಕಾಗ್ಲಿಲ್ಲ."

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವಳು ಇನ್ನೇನಾದರೂ ಹೇಳುತ್ತಾಳೆಂದು ಸ್ವಲ್ಪ ಕಾದೆ. ಹೇಳಲಿಲ್ಲ. ಬೆರಳ ಸಂದಿಗಳಲ್ಲಿ ಹಸಿರು ಕಲೆಯಿತ್ತು, ತೊಳೆದರೂ ಹೋಗದಂಥದ್ದು. ಅದನ್ನು ನೋಡಿದೆ, ಕೇಳಲಿಲ್ಲ. ಅವಳಿಗೆ ಹೇಳಲು ಏನೂ ಇಲ್ಲವೆಂದೇ ಅಂದುಕೊಂಡೆ.

"ಮರುಪರೀಕ್ಷೆ ಇಲ್ಲಮ್ಮ" ಅಂದೆ.

ಸರಿ ಎನ್ನುವಂತೆ ತಲೆಯಾಡಿಸಿ ಹೋದಳು. ಅವಳು ಹೋದ ಮೇಲೆ ತಿದ್ದುವುದು ಯಾಕೋ ಸಾಗಲಿಲ್ಲ. ಇಪ್ಪತ್ತು ಅಂಕಕ್ಕೆ ಸೊನ್ನೆ ಬಿದ್ದರೆ ಆ ವಿಷಯ ಉಳಿಯುತ್ತದೆ. ಕೊನೆಯ ವರ್ಷ ಬೇರೆ. ವಕೀಲಿಕೆಗೆ ಹೆಸರು ನೋಂದಾಯಿಸುವುದು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಶ್ರೀನಿವಾಸಪುರದ ಹಿರಿಯ ವಕೀಲರೊಬ್ಬರು ತಮ್ಮ ಆಫೀಸಿನಲ್ಲಿ ಅವಳಿಗೊಂದು ಕುರ್ಚಿ ಇಟ್ಟಿದ್ದಾರೆಂದು, ಅದು ಈ ಜೂನ್‌ವರೆಗೆ ಮಾತ್ರ ಕಾಯುತ್ತದೆಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅನಿಲ್‌ಕುಮಾರ ಹೇಳಿದ. ಅವನು ಅಷ್ಟಕ್ಕೇ ಸುಮ್ಮನಾಗುವವನಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಗುರುವಾರ ನಾನು ಮೆಟ್ಟಿಲು ಬರೆದು ಬಾಣ ಎಳೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಅನಿಲ್‌ಕುಮಾರ ಎದ್ದ. ವಕ್ಕಲೇರಿಯವನು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಕಾಲೇಜಿಗೆ ಬರುವವನು.

"ಸರ್, ಕೋರ್ಟು ತಾನು ಹೇಳಿದ್ದಕ್ಕೆ ತಾನೂ ಬದ್ಧ ಅಂದ್ರಲ್ಲ. ಮೇಷ್ಟ್ರು?"

"ಮೇಷ್ಟ್ರು ಏನು?"

"ಹೋದ ವರ್ಷ ನಮ್ಮ ಹಸು ಹಾಕ್ತು ಅಂತ ನಾನು ಪರೀಕ್ಷೆಗೆ ಬರ್ಲಿಲ್ಲ. ನೀವು ಮರುಪರೀಕ್ಷೆ ಕೊಟ್ರಿ. ಶೋಭಾಗೆ ಯಾಕಿಲ್ಲ?"

ಜೇಬಿನಿಂದ ಒಂದು ಹಾಳೆ ತೆಗೆದ. ಅದು ಅರ್ಜಿ. ಅರ್ಜಿದಾರಳು ಶೋಭಾರಾಣಿ, ಎದುರುದಾರರು ಉಪನ್ಯಾಸಕರು, ಕೆಳಗೆ ಮೂವತ್ತೊಂದು ಜನರ ಸಹಿ. ಶೋಭಾರಾಣಿಯ ಸಹಿ ಮಾತ್ರ ಇರಲಿಲ್ಲ. ಅವಳು ಕಿಟಕಿ ಪಕ್ಕ ತಲೆ ತಗ್ಗಿಸಿ ಕೂತಿದ್ದಳು.

ನಾನು ಪ್ರಿನ್ಸಿಪಾಲರ ಬಳಿ ಹೋದೆ. ವೆಂಕಟರತ್ನಮ್ಮ ಮೇಡಂ ಮೂವತ್ತು ವರ್ಷ ಪಾಠ ಮಾಡಿದವರು. ಅರ್ಜಿಯನ್ನು ಎರಡು ಸಲ ಓದಿದರು.

"ಚೆನ್ನಾಗಿ ಬರೆದಿದಾರೆ ಕಣಪ್ಪಾ. ನೀವೇ ಹೇಳಿಕೊಟ್ಟಿದ್ದಲ್ವಾ?"

"ಏನು ಮಾಡ್ಲಿ ಮೇಡಂ?"

"ಪರೀಕ್ಷೆ ನಿಮ್ದು, ತೀರ್ಮಾನ ನಿಮ್ದು. ಶನಿವಾರ ನಾಲ್ಕಕ್ಕೆ ಅಂಕ ನನ್ನ ಟೇಬಲ್ ಮೇಲಿರ್ಬೇಕು. ಒಂದು ಮಾತು ಕದಿರೇಶ್. ಇವಳಿಗೆ ಕೊಟ್ರೆ ನಾಳೆ ಇನ್ನೊಬ್ರು ಬಂದು ನಿಲ್ತಾರೆ. ಕೊಡದೆ ಇದ್ರೆ ಅನಿಲನಿಗೆ ಯಾಕೆ ಕೊಟ್ರಿ ಅಂತಾರೆ. ಎರಡಕ್ಕೂ ಉತ್ತರ ಇಟ್ಕೊಂಡು ಹೋಗಿ."

ಶುಕ್ರವಾರ ಮೊದಲ ಗಂಟೆಗೆ ವಿಚಾರಣೆ. ನನ್ನ ಕುರ್ಚಿಯನ್ನು ಮಕ್ಕಳೇ ವೇದಿಕೆಯ ನಡುವಿಗೆ ಎಳೆದಿಟ್ಟಿದ್ದರು. ಅರ್ಜಿದಾರಳ ಪರ ಅನಿಲ್‌ಕುಮಾರ. ವಿರುದ್ಧ ವಾದಿಸಲು ಅಮರನಾಥ. ಅವನು ವೇಮಗಲ್ ಕಡೆಯವನು, ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮಾಡಿಕೊಂಡು ಓದುವವನು. ಒಂದು ಪಾಳಿಯನ್ನೂ ಒಂದು ಪರೀಕ್ಷೆಯನ್ನೂ ತಪ್ಪಿಸಿದವನಲ್ಲ. ಬಾಗಿಲಲ್ಲಿ ಒಬ್ಬ ನಿಂತು ಕೋರ್ಟಿನ ದಲಾಯತನ ಹಾಗೆ "ಶೋಭಾರಾಣೀ... ಶೋಭಾರಾಣೀ... ಶೋಭಾರಾಣೀ..." ಎಂದು ಮೂರು ಸಲ ಕೂಗಿದ. ಮೂರು ಅಡಿ ದೂರದಲ್ಲೇ ಕೂತಿದ್ದ ಅವಳು ಬೆಚ್ಚಿದಳು. ಎಲ್ಲರೂ ನಕ್ಕರು, ಅವಳೂ ಸ್ವಲ್ಪ ನಕ್ಕಳು.

ಅನಿಲ್‌ಕುಮಾರನ ವಾದ ಚಿಕ್ಕದು. "ಹಸು ಜೀವ, ರೇಷ್ಮೆ ಹುಳವೂ ಜೀವ. ಶೋಭಾ ಮನೇಲಿ ಮಂಗಳವಾರ ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ನಿಂತ್ವು. ನನಗೆ ಸಿಕ್ಕಿದ್ದು ಅವಳಿಗೂ ಸಿಗ್ಬೇಕು."

ನಾನು ಶೋಭಾರಾಣಿಯ ಕೈ ನೋಡಿದೆ. ಆ ಹಸಿರು ಹಿಪ್ಪುನೇರಳೆ ಸೊಪ್ಪಿನದು.

ಅಮರನಾಥ ಎದ್ದ. "ಹಸು ಯಾವ ಹೊತ್ತಿಗೆ ಹಾಕುತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ಹುಳಕ್ಕೆ ಲೆಕ್ಕ ಇದೆ. ನಾಲ್ಕನೇ ಜ್ವರ, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಏಳು ದಿನ. ಮುಂಚೇನೇ ಗೊತ್ತಿರೋದಕ್ಕೂ ಗೊತ್ತಿಲ್ದೆ ಇರೋದಕ್ಕೂ ವ್ಯತ್ಯಾಸ ಇದೆ ಸರ್. ಆ ತೀರ್ಪು ಇದಕ್ಕೆ ಅನ್ವಯಿಸಲ್ಲ."

ಹಳೆಯ ತೀರ್ಪಿಗೂ ಹೊಸ ಪ್ರಕರಣಕ್ಕೂ ಇರುವ ವ್ಯತ್ಯಾಸವನ್ನು ಹುಡುಕಿ ತೆಗೆಯುವುದೇ ವಕೀಲನ ಅರ್ಧ ಕೆಲಸ ಎಂದು ನಾನು ಒಂದು ವಾರ ಹೇಳಿದ್ದೆ. ಅದು ಇವನ ತಲೆಗೆ ಹೋಗಿತ್ತು. ಹೆಮ್ಮೆಯಾಯಿತು. ಆದರೆ ಅವನು ಕೂರಲಿಲ್ಲ.

"ಇನ್ನೊಂದಿದೆ ಸರ್. ಹೋದ ವರ್ಷದ ತೀರ್ಪಿಗೆ ನೀವು ಕಾರಣ ಹೇಳಿಲ್ಲ. 'ಸೋಮವಾರ ಬಂದು ಬರಿ' ಅಂದ್ರಿ, ಅಷ್ಟೇ. ಕಾರಣ ಇಲ್ದೆ ಇರೋದು ಕಟ್ಟಿಹಾಕಲ್ಲ ಅಂತ ನೀವೇ ಹೇಳಿದೀರ. ಹಾಗಾದ್ರೆ ಕಾರಣ ಏನಿತ್ತು? ಅವತ್ತು ಅನಿ ಸ್ಟಾಫ್ ರೂಮಿಗೆ ಬಂದಾಗ ನಾನು ಬಾಗಿಲಲ್ಲಿದ್ದೆ. ಅವನ ಕೈಲಿ ಒಂದು ಡಬ್ಬಿ ಇತ್ತು."

"ಲೇ, ಅದು ಗಿಣ್ಣು ಕಣೋ!" ಅನಿಲ್‌ಕುಮಾರ ಕೂಗಿದ.

"ಗಿಣ್ಣು ಅಂತಲೇ ನಾನೂ ಹೇಳ್ತಿರೋದು."

"ಹಸು ಹಾಕಿದ್ರೆ ಗಿಣ್ಣು ಹಂಚಲ್ವಾ? ಅಕ್ಕಪಕ್ಕದ ಮನೆಯೋರಿಗೆಲ್ಲ ಕೊಟ್ವಿ!"

"ಅಕ್ಕಪಕ್ಕದ ಮನೆಯೋರು ನಿನಗೆ ಅಂಕ ಹಾಕ್ತಾರೇನ್ಲಾ?"

ತರಗತಿ ಬೆಂಚು ಬಡಿಯಿತು. ಅನಿಲ್‌ಕುಮಾರನ ಮುಖ ಕೆಂಪಾಯಿತು. ಮರುಪರೀಕ್ಷೆ ಸಿಕ್ಕಿದ ಮೇಲೆಯೇ ಗಿಣ್ಣು ಕೊಟ್ಟದ್ದೆಂದು ಆಣೆಯಿಟ್ಟ. ಬೇಕಾದರೆ ಅಮ್ಮನನ್ನೇ ಕೇಳಿ ಎಂದು ಫೋನ್ ಮಾಡಿ, ಸ್ಪೀಕರ್ ಹಾಕಿ, ನನ್ನ ಮೇಜಿನ ಮೇಲಿಟ್ಟ. ಸಾಕ್ಷಿಯನ್ನು ಮುಂಚೆ ವಿಚಾರಿಸದೆ ಕರೆಯಬಾರದು ಎಂಬ ಪಾಠ ನಾನಿನ್ನೂ ಮಾಡಿರಲಿಲ್ಲ.

"ಅಮ್ಮಾ, ಹೋದ ವರ್ಷ ನಮ್ಮ ಮೇಷ್ಟ್ರಿಗೆ ಗಿಣ್ಣು ಯಾವತ್ತು ಕೊಟ್ಟು ಕಳ್ಸಿದ್ದೆ?"

ಆ ಕಡೆ ಕೊಟ್ಟಿಗೆಯ ಸದ್ದು, ಬಕೆಟ್ಟಿನ ಸದ್ದು. ಭಾರತಮ್ಮನವರ ದನಿ ದೊಡ್ಡದು. "ಹಸು ಹಾಕಿದ ಮಾರನೇ ದಿನ ಕಣೋ. ಮೂರು ದಿನ ಕಳೆದ್ರೆ ಅದು ಗಿಣ್ಣಾಗುತ್ತಾ? ಹಾಲಾಗ್ಬಿಡುತ್ತೆ. ಇನ್ನೊಂದು ಪರೀಕ್ಷೆ ಕೊಡಿ ಅಂತ ಕೇಳಕ್ಕೆ ಹೊರಟಿದ್ಯಲ್ಲ, ಬರಿಗೈಲಿ ಹೋಗ್ಬೇಡ ಅಂತ ನಾನೇ ಡಬ್ಬಿಗೆ ಹಾಕ್ಕೊಟ್ಟೆ. ಯಾಕೋ? ಮೇಷ್ಟ್ರಿಗೆ ಮತ್ತೆ ಬೇಕಂತಾ?"

ಅನಿಲ್‌ಕುಮಾರ ಫೋನ್ ಆರಿಸಿದ.

ನಗು ತುಂಬ ಹೊತ್ತು ನಡೆಯಿತು. ನಾನೂ ನಕ್ಕೆ, ಆದರೆ ನನಗೆ ನೆನಪಾಗಿತ್ತು. ಬೆಲ್ಲ, ಏಲಕ್ಕಿ, ಸ್ಟೀಲ್ ಡಬ್ಬಿಯ ಮುಚ್ಚಳದ ಒಳಗೆ ಕೂತಿದ್ದ ಹನಿ. ನಮ್ಮಮ್ಮ ಮಾಡುತ್ತಿದ್ದ ರುಚಿ. ಒಂದು ತುಂಡು ಬಾಯಲ್ಲಿಟ್ಟುಕೊಂಡೇ "ಸೋಮವಾರ ಬಂದು ಬರಿ" ಅಂದಿದ್ದೆ. ಗಿಣ್ಣಿಲ್ಲದಿದ್ದರೂ ಕೊಡುತ್ತಿದ್ದೆನೇ? ಕೊಡುತ್ತಿದ್ದೆ ಎಂದು ಮನಸ್ಸು ಹೇಳಿತು. ಆದರೆ ಬುಧವಾರ ಶೋಭಾರಾಣಿ ಬರಿಗೈಯಲ್ಲಿ ಬಂದು ನಿಂತಾಗ ಅವಳಿಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕುರ್ಚಿಯಿಂದ ಎದ್ದು ವೇದಿಕೆ ಇಳಿದೆ. ನಗು ನಿಂತಿತು.

"ಅಮರನಾಥ ಹೇಳಿದ್ದು ಸರಿ. ಗಿಣ್ಣು ಮೊದಲು, ತೀರ್ಪು ಆಮೇಲೆ. ಅದಕ್ಕೆ ಕಾರಣ ಹೇಳಿಲ್ಲ, ಈಗ ಹುಡುಕಿ ಹೇಳಿದ್ರೂ ನೀವು ನಂಬಬೇಕಾಗಿಲ್ಲ. ಆ ತೀರ್ಪು ನಿಲ್ಲಲ್ಲ."

ವೇದಿಕೆಯ ಮೇಲೆ ಕುರ್ಚಿ ಖಾಲಿ ಉಳಿಯಿತು. ಅಮರನಾಥನೇ ಎಲ್ಲರಿಗಿಂತ ಪೆಚ್ಚಾಗಿದ್ದ. ಗೆದ್ದದ್ದು ಅವನು, ಆದರೆ ಆ ಗೆಲುವು ಯಾರ ಮೇಲೆ ಬಿದ್ದಿದೆಯೆಂದು ಅವನಿಗೆ ಈಗ ಕಾಣಿಸಿತ್ತು. ಶೋಭಾರಾಣಿಗೆ ಇದ್ದ ಒಂದೇ ಆಧಾರ ಹೋಗಿತ್ತು. ಇಂಥ ಹೊತ್ತಿನಲ್ಲಿ ಏನಾದರೊಂದು ಹೇಳಿ ಮೌನ ಮುಚ್ಚಿಬಿಡುವುದು ಮೇಷ್ಟ್ರುಗಳ ಅಭ್ಯಾಸ. ನಾನು ಹೇಳಲಿಲ್ಲ.

"ಸರ್."

ಕಿಟಕಿಯ ಪಕ್ಕದಿಂದ. ಶೋಭಾರಾಣಿ ಎದ್ದು ನಿಂತಿದ್ದಳು.

"ಆ ತೀರ್ಪು ಬಿಟ್ಬಿಡಿ ಸರ್. ನಂದು ಬೇರೆ ಕೇಸು ಅಂತ ಕೇಳಿ."

ಅಮರನಾಥ ತಕ್ಷಣ ಕುರ್ಚಿಯ ಕಡೆ ಕೈ ತೋರಿಸಿದ. "ಕೂತ್ಕೊಳಿ ಸರ್. ಇವಳೇನೂ ತಂದಿಲ್ವಲ್ಲ."

"ಹುಳದ ಮನೆಯಿಂದ ಏನು ತರೋದು ನಾನು?" ಅಂದಳು ಅವಳು. ಮತ್ತೆ ನಗು ಬಂತು. ನಾನು ಕೂತೆ.

ಅವಳು ನಿಧಾನವಾಗಿ ಹೇಳಿದಳು. "ಬುಧವಾರಕ್ಕೆ ಹಣ್ಣಾಗ್ಬೇಕಿತ್ತು. ಅಮರ್ ಹೇಳಿದ ಲೆಕ್ಕ ಸರಿ. ಬುಧವಾರಕ್ಕೆ ಅಂತಾನೇ ಆರು ಜನ ಹೆಂಗಸರಿಗೆ ಹೇಳಿದ್ವಿ. ಈ ಸಲ ಬಿಸಿಲು ಜಾಸ್ತಿ ಆಯ್ತಲ್ಲ, ಒಂದು ದಿನ ಮುಂಚೇನೇ ಆಗೋದ್ವು."

"ಹೆಂಗೆ ಗೊತ್ತಾಯ್ತು?" ಅಮರನಾಥ ಕೇಳಿದ. ಈಗ ಅವನ ದನಿಯಲ್ಲಿ ವಾದ ಇರಲಿಲ್ಲ.

"ಸದ್ದು ನಿಲ್ತು."

ಯಾರಿಗೂ ಅರ್ಥವಾಗಲಿಲ್ಲ. ಅವಳಿಗೂ ಅದು ಗೊತ್ತಾಗಿ ಮುಂದುವರಿಸಿದಳು. "ಕೊನೆ ವಾರ ಹುಳ ಹಗಲೂ ರಾತ್ರಿ ತಿಂತವೆ. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಂಗೆ ಸದ್ದು ಬರ್ತಾನೇ ಇರುತ್ತೆ. ಮಲಗಿದ್ರೂ ಕೇಳ್ತಿರುತ್ತೆ, ಅಭ್ಯಾಸ ಆಗ್ಬಿಡುತ್ತೆ. ಹಣ್ಣಾದ್ರೆ ತಿನ್ನಲ್ಲ. ಮಂಗಳವಾರ ಬೆಳಿಗ್ಗೆ ಐದಕ್ಕೆ ನಾನು ಪರೀಕ್ಷೆಗೆ ಓದ್ತಾ ಕೂತಿದ್ದೆ. ಮನೆ ಹಂಗೇ ಸುಮ್ಮನಾಗೋಯ್ತು. ಅಮ್ಮ ಒಳಗಿಂದ 'ಲೇ ಅಮ್ಮಾಯೀ, ತಿನೇದಿ ಆಪೇಸಿನಾಯಿ' ಅಂತ ಕೂಗಿದ್ಲು, ತಿನ್ನೋದು ನಿಲ್ಲಿಸ್ಬಿಟ್ಟವೆ ಅಂತ. ಪುಸ್ತಕ ಅಲ್ಲೇ ಬಿಟ್ಟು ಎದ್ದೆ. ಹಣ್ಣಾದ ಹುಳನ ಆಗಲೇ ಆರಿಸಿ, ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ಮೇಲೆ ಬಿಡ್ಬೇಕು. ಇಲ್ಲಾಂದ್ರೆ ಎಲ್ಲೆಂದ್ರಲ್ಲಿ ನೂಲು ಬಿಟ್ಟು ಹಾಳು ಮಾಡ್ಕೊಂತವೆ, ಗೂಡು ಕಟ್ಟಲ್ಲ. ಹೇಳಿದ್ದ ಹೆಂಗಸರೆಲ್ಲ ಅವತ್ತು ಟೊಮೆಟೊ ಕೀಳಕ್ಕೆ ಹೋಗಿದ್ರು. ನಾನು, ಅಮ್ಮ, ಪಕ್ಕದ್ಮನೆ ಮುತ್ಯಾಲಮ್ಮತ್ತೆ. ಮೂರೇ ಜನ."

"ಫೋನಾದ್ರೂ ಮಾಡ್ಬೇಕಿತ್ತು ಕಣೇ" ಅಂದ ಅನಿಲ್‌ಕುಮಾರ.

"ಕೈತುಂಬಾ ಹುಳ. ಫೋನ್ ಮೂಗಲ್ಲಿ ಒತ್ತಲಾ?"

"ನನ್ನ ಹತ್ರ ಬುಧವಾರ ಇದನ್ನೆಲ್ಲ ಯಾಕೆ ಹೇಳ್ಲಿಲ್ಲ?" ನಾನು ಕೇಳಿದೆ.

"ನೀವು ಕೇಳ್ಲಿಲ್ಲ ಸರ್. ಕೇಳ್ತೀರಾ ಅಂತ ನಿಂತಿದ್ದೆ."

ಒಂದೇ ಮೇಜಿನ ಎರಡು ಕಡೆ ನಾವಿಬ್ಬರೂ ಒಬ್ಬರ ಮಾತಿಗಾಗಿ ಇನ್ನೊಬ್ಬರು ಕಾದಿದ್ದೆವು. ಅಧಿಕಾರ ಇದ್ದದ್ದು ನನ್ನ ಕಡೆ. ಮೊದಲು ಕೇಳಬೇಕಾದವನು ನಾನೇ.

ಅನಿಲ್‌ಕುಮಾರನಿಗೆ ಒಂದು ಹೊಸ ನೋಟ್‌ಬುಕ್ ತೆಗೆಯಲು ಹೇಳಿದೆ. ನಾನು ಹೇಳುತ್ತ ಹೋದೆ, ಅವನು ಬರೆಯುತ್ತ ಹೋದ. ಮರುಪರೀಕ್ಷೆ ಕೊಡಲಾಗಿದೆ. ಕಾರಣ, ಅವಳನ್ನು ತಡೆದದ್ದು ಜೀವವಿರುವ ಒಂದು ಕೆಲಸ, ಅದು ಆ ದಿನವನ್ನು ಬಿಟ್ಟು ಕಾಯುವಂಥದ್ದಲ್ಲ. ಅಷ್ಟು ಹೇಳಿ ನಿಲ್ಲಿಸಿದೆ. ಅಮರನಾಥ ಒಪ್ಪಲಿಲ್ಲ. ಹಾಗೆ ಬರೆದರೆ ಹಸುವಿದ್ದವರೆಲ್ಲ ದಿನಾ ರಜೆ ಹಾಕುತ್ತಾರೆ, ಬೇರೆ ಕೈ ಸಿಗದಿದ್ದರೆ ಮಾತ್ರ ಎಂದು ಸೇರಿಸಿ ಎಂದ. ಸೇರಿಸಿದೆ. ಮುಂಚೆ ಗೊತ್ತಿದ್ದರೆ ಮುಂಚೆಯೇ ಹೇಳಬೇಕು ಎಂದು ಮುಂದಿನ ಬೆಂಚಿನಿಂದ ಯಾರೋ ಅಂದರು. ಅದನ್ನೂ ಸೇರಿಸಿದೆ. ಕೊನೆಗೆ ಅಮರನಾಥ, "ಕೇಳಕ್ಕೆ ಬರುವಾಗ ಕೈಲಿ ಡಬ್ಬಿ ಇರಬಾರದು, ಅದನ್ನೂ ಬರೀರಿ" ಅಂದ. ಅನಿಲ್‌ಕುಮಾರ ನನ್ನ ಮುಖ ನೋಡಿದ. ಬರಿ ಅಂದೆ. ತನ್ನ ಕೈಯಾರೆ ಬರೆದ, ಪಾಪ.

ಆಮೇಲೆ ಪೆನ್ನು ಕಚ್ಚುತ್ತ ಕೇಳಿದ. "ಸರ್, ಹಂಗಾದ್ರೆ ಹೋದ ವರ್ಷದ ನನ್ನ ಅಂಕ? ಹೋಯ್ತಾ?"

"ಮುಗಿದದ್ದನ್ನ ಕೆದಕಲ್ಲ. ತೀರ್ಪು ಇವತ್ತಿಂದ ಮುಂದಕ್ಕೆ. ಅದೂ ಅಲ್ದೆ ಈ ಕಾರಣಕ್ಕೆ ನಿನ್ನ ಹಸು ಕೂಡ ಹೊಂದುತ್ತೆ. ಕೊಟ್ಟಿದ್ದು ತಪ್ಪಲ್ಲ, ಕೊಟ್ಟ ರೀತಿ ತಪ್ಪು."

ಅವನು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟ. ಅಮರನಾಥ ಪುಸ್ತಕ ಜೋಡಿಸುತ್ತಿದ್ದ. ಸೋತದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದೆ.

"ಇಲ್ಲ ಸರ್. ಯಾಕೆ ಸೋತೆ ಅಂತ ಗೊತ್ತಲ್ಲ" ಅಂದ.

ಮೂರು ವರ್ಷ ಬಾಣ ಎಳೆದು ನಾನು ಹೇಳಲಾಗದೆ ಉಳಿದದ್ದು ಅದೇ. ಗುರುವಾರದವರೆಗೆ ನಾನು ಇಷ್ಟಬಂದವರಿಗೆ ಕೊಡಬಹುದಿತ್ತು, ಇಷ್ಟವಿಲ್ಲದವರಿಗೆ ಇಲ್ಲ ಅನ್ನಬಹುದಿತ್ತು. ಈಗ ಆ ನೋಟ್‌ಬುಕ್ಕನ್ನು ದಾಟಿ ನನಗೆ ಏನೂ ಮಾಡಲಾಗದು. ಆದರೂ ನನ್ನ ಮಾತಿಗೆ ತೂಕ ಬಂದದ್ದು ಆ ದಿನದಿಂದಲೇ.

ಆ ತೂಕದ ಪರೀಕ್ಷೆ ಮರುದಿನವೇ ಆಯಿತು. ಶನಿವಾರ ಬೆಳಿಗ್ಗೆ ಎರಡನೇ ವರ್ಷದ ರಂಜಿತ ಎಂಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಅವಳೂ ತನ್ನ ತರಗತಿಯ ಪರೀಕ್ಷೆ ಬರೆದಿರಲಿಲ್ಲ, ಮುಳಬಾಗಿಲಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ನಾನು ಮೊದಲು ಕೇಳಿದೆ, ಅವಳು ಪೂರ್ತಿ ಹೇಳಿದಳು. ಆಮೇಲೆ ನೋಟ್‌ಬುಕ್ ಕೊಟ್ಟೆ. ನಿಂತೇ ಓದಿದಳು.

"ಮದುವೆ ಹೆಣ್ಣೂ ಜೀವಾನೇ ಅಲ್ವಾ ಸರ್? ಮುಹೂರ್ತ ಕಾಯಲ್ಲ."

"ಬೇರೆ ಕೈ ಇರ್ಲಿಲ್ವಾ?"

"ನಾನೂರು ಜನ ಇದ್ರು" ಎಂದು ಅವಳೇ ನಕ್ಕಳು. "ಡಬ್ಬೀನೂ ತಂದಿಲ್ಲ, ಆದ್ರೂ ಆಗಲ್ವಾ?"

"ಆಗಲ್ಲಮ್ಮ. ಮದುವೆ ದಿನ ಎರಡು ತಿಂಗಳ ಮುಂಚೆ ಗೊತ್ತಿತ್ತು, ಆಗಲೇ ಹೇಳಿದ್ರೆ ಯೋಚಿಸ್ಬಹುದಿತ್ತು."

ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಹೋದಳು. ಆ ದಿನ ಅವಳ ಹೆಸರಿನ ಮುಂದೆ ಸೊನ್ನೆ ಬರೆಯುವಾಗ ನೋವಾಯಿತು. ಅವಳಿಗೆ ಇನ್ನೊಂದು ವರ್ಷವಿದೆ, ಮುಂದಿನ ಸಲ ಬರೆಯಬಹುದು ಎಂದು ಸಮಾಧಾನ ಮಾಡಿಕೊಂಡರೂ ನೋವಾಯಿತು.

ಮಧ್ಯಾಹ್ನ ಎರಡಕ್ಕೆ ಗ್ರಂಥಾಲಯದ ಒಳಕೋಣೆಯಲ್ಲಿ ಶೋಭಾರಾಣಿಗೆ ಪರೀಕ್ಷೆ. ಹೊಸ ಪ್ರಶ್ನೆಪತ್ರಿಕೆ. ಒಂದೂವರೆ ಗಂಟೆ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ನಾನು ಕೂತೆ. ಅವಳು ತಲೆ ಬಗ್ಗಿಸಿ ಬರೆಯತೊಡಗಿದಳು. ಅವಳದು ಒತ್ತಿ ಬರೆಯುವ ಕೈ. ಪೆನ್ನಿನ ತುದಿ ಕಾಗದವನ್ನು ಕೆರೆಯುವ ಸಣ್ಣ ಸದ್ದು ಬಿಡದೆ ಬರುತ್ತಿತ್ತು. ಕೇಳುತ್ತ ಕೇಳುತ್ತ ಅಭ್ಯಾಸವಾಗಿಬಿಟ್ಟಿತು. ಸಂತೆಗೇಟಿನ ಕಡೆಯಿಂದ ಬರುವ ಹಾರನ್ನುಗಳು ಕೂಡ ದೂರವಾದವು.

ಮೂರೂ ಹತ್ತಕ್ಕೆ ಸದ್ದು ನಿಂತಿತು.

ತಲೆಯೆತ್ತಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈಗಳನ್ನು ಹಾಳೆಗಳ ಮೇಲಿಟ್ಟು ಕೂತಿದ್ದಳು.

"ಇನ್ನೂ ಇಪ್ಪತ್ತು ನಿಮಿಷ ಇದೆ" ಅಂದೆ.

"ಗೊತ್ತು ಸರ್. ಆಯ್ತು."

ಮತ್ತೆ ಬರೆಯಲಿಲ್ಲ, ಏಳಲೂ ಇಲ್ಲ. ನಾನೂ ಅವಸರ ಮಾಡಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅಂಕಗಳ ಪಟ್ಟಿ ವೆಂಕಟರತ್ನಮ್ಮ ಮೇಡಂ ಟೇಬಲ್ ಮೇಲಿತ್ತು. ಶೋಭಾರಾಣಿಗೆ ಹದಿನಾರು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ನೋಟ್‌ಬುಕ್ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ಡಬ್ಬಿಯ ಸಾಲಿಗೆ ಬಂದಾಗ ಭುಜ ಅಲುಗಾಡಿತು.

"ಇದನ್ನ ಜೆರಾಕ್ಸ್ ಮಾಡಿಸಿ ಎಲ್ಲಾ ಮೇಷ್ಟ್ರುಗಳಿಗೂ ಕೊಡಿ. ಇನ್ಮೇಲೆ ಎಲ್ಲಾ ತರಗತಿಗೂ ಇದೇ."

"ಸರಿ ಮೇಡಂ."

ಬಾಗಿಲವರೆಗೆ ಹೋಗಿದ್ದೆ, ಹಿಂದಿನಿಂದ ಕರೆದರು.

"ಕದಿರೇಶ್, ಆ ಅನಿಲನ ಹಸು ಮತ್ತೆ ಗಬ್ಬ ಅಂತಲ್ಲ?"

"ಹೌದಂತೆ ಮೇಡಂ."

"ಅಂಕ ಕಳಿಸಿದ ಮೇಲೆ ಡಬ್ಬಿ ತರಬಹುದು ಅಂತ ಒಂದು ಸಾಲು ಸೇರಿಸಿ."